ಒಂಬತ್ತನೆಯವನ ನಂತರ

ಒಂಬತ್ತು ಜನರನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸುವುದಕ್ಕೆ ಎಷ್ಟು ಬಗೆಗಳಿವೆ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಟ್ಟನೆ ಹೇಳಬಲ್ಲೆ. ಮೂರು ಲಕ್ಷದ ಅರವತ್ತೆರಡು ಸಾವಿರದ ಎಂಟುನೂರ ಎಂಬತ್ತು. ಒಂದು ಬೇಸ್‌ಬಾಲ್ ತಂಡದ ಬ್ಯಾಟಿಂಗ್ ಕ್ರಮವನ್ನು ಅಷ್ಟೂ ಬಗೆಯಲ್ಲಿ ಕಂಪ್ಯೂಟರಿನೊಳಗೆ ಆಡಿಸಿ ನೋಡಿದವಳು ನಾನು. ಅಷ್ಟೆಲ್ಲ ಮಾಡುವಾಗ ಒಂದೇ ಒಂದು ಪಂದ್ಯವನ್ನೂ ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ನೋಡಿರಲಿಲ್ಲ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಕೋವಿಡ್‌ನ ಮೊದಲ ವರ್ಷ ಅಮೆರಿಕದ ಶಾರ್ಲೆಟ್ ನಗರದ ಒಂದು ಬ್ಯಾಂಕಿನಲ್ಲಿದ್ದ ನನ್ನ ಕೆಲಸ ಹೋಯಿತು. ಪಕ್ಕದ ಊರು ಫೋರ್ಟ್ ಮಿಲ್‌ನ ನಮ್ಮ ಮನೆಯಲ್ಲಿ ಗಂಡ ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಮೀಟಿಂಗ್‌ನಲ್ಲಿರುತ್ತಿದ್ದರು. ನಾನು ಕೆಳಗೆ ಊಟದ ಟೇಬಲ್ಲಿನ ಮುಂದೆ ಕೂತು ಕಂಡಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕುತ್ತಿದ್ದೆ. ಮರುವರ್ಷದ ವಸಂತದಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳು ಒಂದು ಸುದ್ದಿ ಕೊಟ್ಟಳು. ನಮ್ಮಿಂದ ಒಂದೂವರೆ ಗಂಟೆ ದೂರದ ಸಣ್ಣ ಊರಿನಲ್ಲಿ ಒಂದು ವೃತ್ತಿಪರ ಬೇಸ್‌ಬಾಲ್ ತಂಡವಿದೆ, ಅವರಿಗೆ ಅಂಕಿಅಂಶ ನೋಡುವವರು ಒಬ್ಬರು ಬೇಕಂತೆ. ಟಿವಿಯಲ್ಲಿ ಬರುವ ದೊಡ್ಡ ತಂಡವಲ್ಲ, ಅಂಥ ದೊಡ್ಡ ತಂಡದ ಆಶ್ರಯವೂ ಇಲ್ಲದೆ ತನ್ನಷ್ಟಕ್ಕೆ ನಡೆಯುತ್ತಿದ್ದ ತಂಡ. ಆಟಗಾರರು ಊರಿನವರ ಮನೆಗಳ ಖಾಲಿ ಕೋಣೆಗಳಲ್ಲಿ ಉಳಿದುಕೊಳ್ಳುತ್ತಿದ್ದರು. ದೊಡ್ಡ ಲೀಗಿನ ಆಸೆ ಇನ್ನೂ ಬಿಡದ ಹುಡುಗರು ಕೆಲವರು, ಆಸೆ ಬಿಟ್ಟರೂ ಆಟ ಬಿಡಲಾಗದ ದೊಡ್ಡವರು ಕೆಲವರು.

ಯಾರು ಮೊದಲು ಬ್ಯಾಟ್ ಮಾಡಬೇಕು, ಯಾರು ಕೊನೆಗೆ ಎಂದು ಲೆಕ್ಕ ಹಾಕಿ ಹೇಳುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ವಿಡಿಯೊ ಕಾಲಿನಲ್ಲಿ "ನಿಮಗೆ ಬೇಸ್‌ಬಾಲ್ ಗೊತ್ತೆ?" ಎಂದು ಕೇಳಿದರು. "ನಾನು ಕ್ರಿಕೆಟ್ ಮನೆಯಲ್ಲಿ ಬೆಳೆದವಳು" ಎಂದು ಜಂಬದಿಂದಲೇ ಹೇಳಿದೆ. ಸುಳ್ಳೇನಲ್ಲ. ಮೈಸೂರಿನಲ್ಲಿ ಮೂವರು ಅಣ್ಣಂದಿರ ನಡುವೆ ಬೆಳೆದು, ಎಂಟು ವರ್ಷಕ್ಕೇ ರೇಡಿಯೊ ಕೇಳುತ್ತಾ ಸ್ಕೋರ್ ಬರೆಯುವುದನ್ನು ಕಲಿತಿದ್ದೆ. ಕೆಲಸ ಸಿಕ್ಕ ಮೇಲೆ ಒಂದು ವಾರ ಕೂತು ಬೇಸ್‌ಬಾಲಿನ ನಿಯಮ ಓದಿದೆ. ಮೂರು ಸ್ಟ್ರೈಕ್‌ಗೆ, ಅಂದರೆ ಮೂರು ಸಲ ಬೀಸಿ ತಪ್ಪಿದರೆ ಇಲ್ಲವೇ ಒಳ್ಳೆಯ ಎಸೆತ ಬಿಟ್ಟರೆ, ಔಟು. ನಾಲ್ಕು ಕೆಟ್ಟ ಎಸೆತಗಳನ್ನು ಆಡದೆ ಬಿಟ್ಟರೆ ಮೊದಲ ಬೇಸಿಗೆ ಆರಾಮಾಗಿ ನಡೆದುಕೊಂಡೇ ಹೋಗಬಹುದು. ಬೇಸ್ ಎಂಬ ನಾಲ್ಕು ಮೂಲೆಗಳನ್ನು ಸುತ್ತಿ ಹೊರಟಲ್ಲಿಗೇ, ಅವರು 'ಮನೆ' ಎನ್ನುವ ಜಾಗಕ್ಕೆ, ಮರಳಿದರೆ ಒಂದು ರನ್. ಮೂವರು ಔಟಾದರೆ ಇನಿಂಗ್ಸ್ ಮುಗಿಯಿತು, ಹಾಗೆ ಒಂದೊಂದು ತಂಡಕ್ಕೂ ಒಂಬತ್ತು ಇನಿಂಗ್ಸ್. ಗೊತ್ತಿಲ್ಲದ್ದನ್ನೆಲ್ಲ ಓದಿಕೊಂಡೆ. ಗೊತ್ತಿದೆ ಅಂದುಕೊಂಡದ್ದನ್ನು ಯಾರು ಓದುತ್ತಾರೆ?

ಅವರು ಕೊಟ್ಟದ್ದು ಪ್ರತಿ ಆಟಗಾರನ ಹಿಂದಿನ ಸೀಸನ್ನುಗಳ ಒಟ್ಟು ಮೊತ್ತಗಳು. ಎಷ್ಟು ಸಲ ಹೊಡೆದ, ಎಷ್ಟು ಸಲ ಔಟಾದ, ಎಷ್ಟು ಸಲ ನಡೆದುಕೊಂಡು ಹೋದ. ಅದನ್ನಿಟ್ಟುಕೊಂಡು ನನ್ನ ಪ್ರೋಗ್ರಾಂ ಒಂದೊಂದು ಕ್ರಮವನ್ನೂ ಸಾವಿರಾರು ಪಂದ್ಯ ಆಡಿಸುತ್ತಿತ್ತು. ಮೊದಲ ಸಲ ಓಡಿಸಿದಾಗ ರನ್ನುಗಳು ನಿಜಕ್ಕಿಂತ ವಿಪರೀತ ಹೆಚ್ಚಿಗೆ ಬಂದವು. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದಕ್ಕೊಂದು ಮದ್ದು ಗೊತ್ತಿದೆ. ಉತ್ತರ ಸರಿಬರುವ ಹಾಗೆ ಒಂದು ಸಂಖ್ಯೆಯಿಂದ ಗುಣಿಸಿಬಿಡುವುದು, ಅದಕ್ಕೆ ಕ್ಯಾಲಿಬ್ರೇಶನ್ ಎಂಬ ಗೌರವದ ಹೆಸರಿಡುವುದು. ನಾನೂ ಅದನ್ನೇ ಮಾಡಿದೆ. ಉತ್ತರ ಯಾಕೆ ಹೆಚ್ಚಿಗೆ ಬಂತು ಎಂದು ಅರ್ಧ ದಿನ ಕೂತು ಹುಡುಕಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಕೋಚ್‌ನನ್ನು ಇಲ್ಲಿ ಮ್ಯಾನೇಜರ್ ಎನ್ನುತ್ತಾರೆ. ನಮ್ಮ ತಂಡದ ಮ್ಯಾನೇಜರಿಗೆ ಎಪ್ಪತ್ತರ ಹತ್ತಿರ ವಯಸ್ಸು. ದಿನಾ ಮಧ್ಯಾಹ್ನ ಒಂದು ಕಾರ್ಡಿನ ಮೇಲೆ ಒಂಬತ್ತು ಹೆಸರನ್ನು ಕೈಯಾರೆ ಬರೆದು ಗೋಡೆಗೆ ಅಂಟಿಸುತ್ತಿದ್ದರು. ನನ್ನ ಮೊದಲ ವರದಿಯಲ್ಲಿ ತಂಡದ ನಾಲ್ಕು ಬಲವಾದ ಬ್ಯಾಟುಗಾರರು ಮೊದಲ ನಾಲ್ಕು ಸ್ಥಾನದಲ್ಲಿದ್ದರು, ಆಮೇಲೆ ಇಳಿಯುತ್ತಾ ಇಳಿಯುತ್ತಾ ಉಳಿದವರು. ಮ್ಯಾನೇಜರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಎಲ್ಲ ಬಲವನ್ನೂ ಮೇಲೇ ಸುರಿದುಬಿಟ್ಟಿದೀರಲ್ಲ" ಎಂದರು. ಇಂಗ್ಲಿಷಿನಲ್ಲಿ ಹೇಳಿದ್ದೇ ಆದರೂ ಅವರ ಮಾತುಗಳೆಲ್ಲ ನನ್ನ ನೆನಪಿನಲ್ಲಿ ಕನ್ನಡವಾಗಿ ಉಳಿದಿವೆ. "ಡೇಟಾ ಹಾಗೆ ಹೇಳುತ್ತೆ" ಎಂದೆ. ಒಂದು ವಾರ ಹಾಗೆಯೇ ಆಡಿಸಿದರು. ಆರರಲ್ಲಿ ಐದು ಗೆದ್ದರು. ಅದು ಬರೀ ಅದೃಷ್ಟವೆಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಅಂದಿನಿಂದ ನನ್ನ ಕಾಗದದ ಮೇಲೆ ಅವರಿಗೆ ಭಕ್ತಿ ಹುಟ್ಟಿತು, ನನಗೂ ಕೋಡು ಮೂಡಿತು.

ತಂಡದ ಕ್ಯಾಚರ್‌ಗೆ ಮೂವತ್ತಮೂರು. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಬ್ಯಾಟುಗಾರನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವನು. ವರ್ಷಗಟ್ಟಲೆ ಹಾಗೆ ಕೂತು ಕೂತು ಅವನ ಮೊಣಕಾಲು ಸವೆದಿದ್ದವು. ಅವನು ಬ್ಯಾಟ್ ಮಾಡುತ್ತಿದ್ದದ್ದು ಒಂಬತ್ತನೆಯವನಾಗಿ. ದೊಡ್ಡ ಹೊಡೆತ ಬಾರದು, ಓಟವೂ ನಿಧಾನ. ಇದ್ದದ್ದು ತಾಳ್ಮೆಯೊಂದೇ. ಕೆಟ್ಟ ಎಸೆತಕ್ಕೆ ಬ್ಯಾಟ್ ಬೀಸದೆ ಸುಮ್ಮನೆ ನಿಲ್ಲುತ್ತಿದ್ದ, ನಾಲ್ಕಾದ ಮೇಲೆ ಬ್ಯಾಟ್ ಕೆಳಗಿಟ್ಟು ಮೊದಲ ಬೇಸಿಗೆ ನಡೆದುಹೋಗುತ್ತಿದ್ದ.

ಜೂನ್‌ನಲ್ಲಿ ಕ್ಯಾಮೆರಾ ಜೋಡಿಸಲೆಂದು ಒಂದು ಮಧ್ಯಾಹ್ನ ನಾನು ಮೈದಾನಕ್ಕೆ ಹೋಗಿದ್ದೆ. ಅವನು ಎರಡೂ ಮೊಣಕಾಲಿಗೆ ಐಸ್ ಕಟ್ಟಿಕೊಂಡು ನೆರಳಿನಲ್ಲಿ ಕೂತಿದ್ದ. ನನ್ನನ್ನು ಕಂಡು ಮೆಟ್ಟಿಲ ಮೇಲೆ ಜಾಗ ಬಿಟ್ಟ. ಕ್ರಿಕೆಟ್ ಬಗ್ಗೆ ಏನೇನೋ ಕೇಳಿದ. ಆಮೇಲೆ ನಗುತ್ತಾ, "ನಾನು ದೊಡ್ಡ ಬ್ಯಾಟುಗಾರ ಅಲ್ಲ ಅಂತ ನಿಮ್ಮ ಯಂತ್ರ ಹೇಳಬೇಕಾಗಿಲ್ಲ ಮ್ಯಾಮ್, ನಂಗೇ ಗೊತ್ತು" ಎಂದ. ಅವನೇ ಮುಂದುವರಿಸಿದ. "ಇದು ನನ್ನ ಹನ್ನೊಂದನೇ ವರ್ಷ. ಸೆಪ್ಟೆಂಬರ್‌ನಲ್ಲಿ ನಿಲ್ಲಿಸ್ತೀನಿ. ನಾನೂ ಹೆಂಡತಿಯೂ ಮಾತಾಡಿ ಮುಗಿಸಿದೀವಿ. ಆದ್ರೆ ನಾನಾಗಿ ನಿಲ್ಲಿಸಬೇಕು. ಸಾಕು ಹೋಗು ಅಂತ ಇನ್ನೊಬ್ಬರು ಅನ್ನಬಾರದು. ನನಗೆ ಬೇಕಾಗಿರೋದು ಅಷ್ಟೇ."

ಸೆಪ್ಟೆಂಬರ್‌ಗೆ ಇನ್ನು ಮೂರೇ ತಿಂಗಳಿತ್ತು.

ಜುಲೈನಲ್ಲಿ ಬೇರೆ ತಂಡದಿಂದ ಹೊರಬಿದ್ದ ಇಪ್ಪತ್ತಮೂರರ ಕ್ಯಾಚರ್ ಒಬ್ಬ ಸಿಗುವಂತಾದ. ಚೆಂಡನ್ನು ದೂರ ಹೊಡೆಯುತ್ತಿದ್ದ, ಆದರೆ ಸಿಕ್ಕಿದ್ದಕ್ಕೆಲ್ಲ ಬ್ಯಾಟ್ ಬೀಸುತ್ತಿದ್ದ. ತಂಡದಲ್ಲಿ ಇಷ್ಟೇ ಜನ ಎಂಬ ಮಿತಿಯಿದ್ದದ್ದರಿಂದ ಅವನನ್ನು ತೆಗೆದುಕೊಂಡರೆ ಹಳಬ ಹೋಗಬೇಕು. ಮ್ಯಾನೇಜರ್ ಇಬ್ಬರನ್ನೂ ಹೋಲಿಸಿ ಕೊಡಲು ಕೇಳಿದರು. ನಾನು ಇಬ್ಬರನ್ನೂ ಎಲ್ಲ ಸ್ಥಾನಗಳಲ್ಲೂ ಹಾಕಿ ಆಡಿಸಿದೆ. ಹಳಬನನ್ನು ಒಂಬತ್ತನೆಯದರಲ್ಲಿ ಇಟ್ಟರೆ ರನ್ನಿಗೆ ಸೇರುವುದು ಶೂನ್ಯದ ಹತ್ತಿರ, ಮೇಲಕ್ಕೆ ತಂದರೆ ನಷ್ಟ. ವರದಿಯಲ್ಲಿ ಅವನ ಹೆಸರಿನ ಮುಂದೆ, "ಈ ಆಟಗಾರನಿಂದ ತಂಡದ ರನ್ನಿಗೆ ಸೇರುವುದು ಬಹುತೇಕ ಏನೂ ಇಲ್ಲ" ಎಂದು ಬರೆದೆ. ಬರೆಯುವಾಗ ಮೆಟ್ಟಿಲ ಮೇಲೆ ಅವನು ಹೇಳಿದ್ದು ನೆನಪಿರಲಿಲ್ಲವೇ ಎಂದರೆ, ಚೆನ್ನಾಗಿಯೇ ನೆನಪಿತ್ತು. ಇದು ನನ್ನ ಅಭಿಪ್ರಾಯವಲ್ಲ, ಲೆಕ್ಕ ಹೇಳುತ್ತಿರುವುದು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ಬಿಟ್ಟು ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಾಗ ಮ್ಯಾನೇಜರ್ ಫೋನ್ ಮಾಡಿದರು. "ಅವನಿಗೆ ಹೇಳಿದೆ. ನಿಮ್ಮ ಕಾಗದವನ್ನೂ ತೋರಿಸಿದೆ. ಎರಡು ಸಲ ಓದಿದ. ಲೆಕ್ಕದ ಜೊತೆ ಜಗಳ ಆಡೋಕಾಗುತ್ತಾ ಅಂದ. ಎಲ್ಲರ ಕೈ ಕುಲುಕಿ ಬ್ಯಾಗ್ ತಗೊಂಡು ಹೋದ." ಅವರ ದನಿ ಸ್ವಲ್ಪ ಕುಗ್ಗಿತ್ತು. ನನಗೆ ಕಸಿವಿಸಿಯಾದದ್ದು ನಿಜ. ಆದರೆ ನನ್ನ ಒಂದು ಸಾಲಿಗೆ ಅಷ್ಟು ಬೆಲೆ ಸಿಕ್ಕಿತಲ್ಲ ಎಂಬ ಹಿಗ್ಗೂ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ.

ಮಾವ, ಅಂದರೆ ನನ್ನ ಗಂಡನ ತಂದೆ, ಆ ಬೇಸಿಗೆಯಲ್ಲಿ ಮೈಸೂರಿನಿಂದ ಬಂದಿದ್ದರು. ಸೊಸೆ ಕ್ರೀಡಾ ತಂಡಕ್ಕೆ ಕೆಲಸ ಮಾಡುತ್ತಾಳೆ ಎಂಬುದು ಅವರಿಗೆ ದೊಡ್ಡ ಹೆಮ್ಮೆ. ಆಗಸ್ಟ್‌ನ ಒಂದು ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ಮೂವರೂ ಹೊರಟೆವು. ಹೊರಗಿನ ಊಟ ಒಳಗೆ ಬಿಡುವುದಿಲ್ಲವೆಂದು ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೇ ಕೂತು ಪುಳಿಯೋಗರೆ ತಿಂದೆವು. ಮಾವ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ತಂದಿದ್ದರು. ಸ್ಕೋರ್ ಬರೆಯದೆ ಪಂದ್ಯ ನೋಡುವುದು ಅವರಿಗೆ ಎಲೆ ಹಾಕದೆ ಊಟಕ್ಕೆ ಕೂತ ಹಾಗೆ.

ಮೊದಲ ಇನಿಂಗ್ಸಿನಲ್ಲಿ ನಮ್ಮ ತಂಡದ ಐವರು ಬ್ಯಾಟ್ ಮಾಡುವಷ್ಟರಲ್ಲಿ ಮೂವರು ಔಟಾದರು. ಎರಡನೆಯದು ಶುರುವಾಗುವ ಮೊದಲೇ ಮಾವ ಹೊಸ ಪುಟದಲ್ಲಿ ಓಪನರ್‌ಗಳ ಹೆಸರು ಬರೆದಿಟ್ಟುಕೊಂಡರು. ಮೈದಾನಕ್ಕೆ ಬಂದವನು ಬೇರೆಯವನು.

"ಏನಮ್ಮಾ, ಓಪನರ್ ಬರ್ಲೇ ಇಲ್ವಲ್ಲ? ಆರನೇವನು ಬಂದ."

"ಏನೋ ಇಂಜುರಿ ಇರ್ಬೇಕು ಮಾವ," ಎಂದೆ. ಒಂದಿಷ್ಟೂ ತಡವರಿಸದೆ ಹೇಳಿದೆ.

ಆ ಇನಿಂಗ್ಸ್ ಮೂರೇ ಜನಕ್ಕೆ ಮುಗಿಯಿತು. ಮೂರನೆಯದಕ್ಕೆ ಮೊದಲು ಬಂದವನು ಹೊಸ ಕ್ಯಾಚರ್, ಒಂಬತ್ತನೆಯವನು. ಮಾವ ಪೆನ್ನು ಕೆಳಗಿಟ್ಟರು. "ಈಗ ನೋಡಿದ್ರೆ ಕೊನೇವನನ್ನ ಓಪನಿಂಗ್ ಕಳಿಸಿದಾರೆ. ಇವರದ್ದು ಯಾವ ಸೀಮೆ ಲೆಕ್ಕಮ್ಮ ಇದು?"

ಹೊಸಬ ಮೂರು ಸಲ ಬ್ಯಾಟ್ ಬೀಸಿ, ಮೂರು ಸಲವೂ ತಪ್ಪಿ, ಔಟಾಗಿ ಹೋದ. ಅವನ ಬೆನ್ನಿಗೇ ಬಂದವನು ಮೊದಲನೆಯವನು. ಆಗ ನನಗೆ ಹೊಳೆಯಿತು. ಇಂಜುರಿಯೂ ಇಲ್ಲ, ಏನೂ ಇಲ್ಲ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಪೆನ್ಸಿಲ್ ಹಿಡಿದು ತಮ್ಮದೇ ಸ್ಕೋರ್ ಹಾಳೆ ತುಂಬುತ್ತಿದ್ದರು. ಮಾವನ ಪೇಚಾಟ ಕಂಡು ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಹೊಸ ಇನಿಂಗ್ಸ್ ಅಂತ ಮೊದಲಿನಿಂದ ಶುರುಮಾಡುವುದಿಲ್ಲ, ಕಳೆದ ಸಲ ಯಾರ ಹತ್ತಿರ ನಿಂತಿತ್ತೋ ಅವರ ಮುಂದಿನವರು ಬರುತ್ತಾರೆ, ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನು, ಪಂದ್ಯ ಮುಗಿಯುವವರೆಗೂ ಹೀಗೆ ಸುತ್ತುತ್ತಲೇ ಇರುತ್ತದೆ ಎಂದು ಬೆರಳಿಟ್ಟು ತೋರಿಸಿದರು.

ಮಾವನ ಮುಖ ಅರಳಿತು. "ಓಹೋ, ಪಂಕ್ತಿಯಲ್ಲಿ ಬಡಿಸಿದ ಹಾಗೆ ಅನ್ನಿ. ಪಾತ್ರೆ ಎಲ್ಲಿ ಖಾಲಿಯಾಯ್ತೋ, ತುಂಬಿಸ್ಕೊಂಡು ಬಂದು ಅಲ್ಲಿಂದ ಮುಂದಕ್ಕೆ. ಮತ್ತೆ ಮೊದಲನೇ ಎಲೆಗೆ ಹೋಗಲ್ಲ."

ಒಂದೇ ಮಾತಿನಲ್ಲಿ ಅವರಿಗೆ ಅರ್ಥವಾಯಿತು. ಕ್ರಿಕೆಟ್ಟಿನಲ್ಲಿ ಪ್ರತಿ ಇನಿಂಗ್ಸ್ ಓಪನರ್‌ಗಳಿಂದ ಶುರು. ಅದು ನನಗೆ ನಿಯಮ ಎಂದೇ ಅನಿಸಿರಲಿಲ್ಲ, ಬೆಳಗ್ಗೆ ಸೂರ್ಯ ಹುಟ್ಟುವಂತೆ ತಾನೇ ಆಗುವ ಸಂಗತಿ ಅದು. ನನ್ನ ಪ್ರೋಗ್ರಾಮಿನೊಳಗೆ ಒಂಬತ್ತು ಇನಿಂಗ್ಸಿಗೂ ಮೊದಲನೆಯವನೇ ಬಂದು ನಿಂತಿದ್ದ. ಒಂಬತ್ತನೆಯವನ ಸರದಿ ಬರುವುದೇ ಅಪರೂಪ. ಬಂದು ಬೇಸ್ ಸೇರಿದರೂ ಉಪಯೋಗಕ್ಕೆ ಬರುವುದು ಇನ್ನೂ ಅಪರೂಪ. ನಿಜವಾದ ಆಟದಲ್ಲಿ ಅವನ ಬೆನ್ನಿಗೆ ತಂಡದ ಅತಿ ಬಲವಾದ ನಾಲ್ವರು ಬರುತ್ತಾರೆ. ಅವನು ತಾಳ್ಮೆಯಿಂದ ನಿಂತು ಬೇಸ್ ಸೇರಿಕೊಂಡಿದ್ದರೆ ಹೊಡೆಯುವವರು ಅವನನ್ನು ಮನೆಗೆ ತಂದು ರನ್ ಮಾಡಿಸುತ್ತಾರೆ. ಉಳಿದ ಪಂದ್ಯವನ್ನು ನಾನು ನೋಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಗಂಡನಿಗೆ ಹೇಳಿ ಕಾರಿನಲ್ಲಿ ಹೋಗಿ ಕೂತೆ.

ಸೋಮವಾರ ಬೆಳಗ್ಗೆ ತಿಂಡಿಯ ಮೊದಲೇ ಕಂಪ್ಯೂಟರ್ ತೆರೆದೆ. ಬದಲಿಸಬೇಕಾಗಿದ್ದದ್ದು ಒಂದೇ ಸಾಲು. ನನ್ನ ಕ್ಯಾಲಿಬ್ರೇಶನ್ ಸಂಖ್ಯೆಯನ್ನು ತೆಗೆದುಹಾಕಿ ಓಡಿಸಿದರೆ ರನ್ನುಗಳು ತಾವಾಗಿಯೇ ನಿಜದ ಹತ್ತಿರ ಬಂದು ನಿಂತವು. ಆಮೇಲೆ ಇಬ್ಬರು ಕ್ಯಾಚರ್‌ಗಳನ್ನೂ ಹಾಕಿ ನೋಡಿದೆ. ಹಳಬ ಒಂಬತ್ತನೆಯದರಲ್ಲಿ ಇದ್ದ ಕ್ರಮಗಳೇ ಎಲ್ಲಕ್ಕಿಂತ ಮೇಲೆ ಬಂದವು. ಹತ್ತು ಸಲ ಓಡಿಸಿದೆ, ಹತ್ತು ಸಲವೂ ಅದೇ. ಅಡುಗೆಮನೆಯಲ್ಲಿ ನಿಂತುಕೊಂಡು ಅತ್ತುಬಿಟ್ಟೆ.

ಮರುದಿನ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಕೊನೆಯವನು ಬೇಸ್‌ನಲ್ಲಿದ್ದರೆ ಮೇಲಿನವರಿಗೆ ಅನುಕೂಲ ಅನ್ನೋದು ನನಗೆ ನಲವತ್ತು ವರ್ಷದಿಂದ ಗೊತ್ತಿತ್ತು. ನಿಮ್ಮ ಕಾಗದ ನೋಡಿ, ಗೊತ್ತಿದ್ದದ್ದನ್ನ ಪಕ್ಕಕ್ಕಿಟ್ಟೆ" ಎಂದರು. ಅವನನ್ನು ವಾಪಸ್ ಕರೆಯಿರಿ ಎಂದೆ. ಆಗದು ಎಂಬಂತೆ ತಲೆಯಾಡಿಸಿದರು. "ಈ ಹುಡುಗ ಬಂದು ಮೂರು ವಾರ ಆಗಿಲ್ಲ. ಇವನಿಗೆ ಏನು ತೋರಿಸಿ ಕಳಿಸಲಿ? ನಿಮ್ಮ ಇನ್ನೊಂದು ಕಾಗದಾನಾ?"

ನಾನು ಎದ್ದು ಬಾಗಿಲ ಹತ್ತಿರ ಬಂದಾಗ ಅವರು ಕೂಗಿ ಹೇಳಿದರು. "ಅವನಿಗೆ ಹೋಗಿ ಹೇಳಬೇಡಿ. ನಿಮಗೆ ಹಗುರಾಗುತ್ತೆ, ಅವನಿಗಲ್ಲ."

ತಮ್ಮ ತಪ್ಪು ಮುಚ್ಚಿಕೊಳ್ಳಲು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ನನ್ನ ಸ್ವಭಾವವೇ ಹಾಗೆ, ಬೇಡ ಎಂದ ಕೂಡಲೇ ಹಠ ಏರುತ್ತದೆ. ಮನೆಯಲ್ಲಿ ಗಂಡನೂ ಕೇಳಿದರು.

"ಹೇಳಿದ್ರೆ ಅವನಿಗೆ ಏನ್ ಹೆಲ್ಪ್ ಆಗುತ್ತೆ? ಯೋಚನೆ ಮಾಡಿದ್ಯಾ?"

"ಸಾರಿ ಕೇಳ್ಬೇಕು ರೀ. ಅಷ್ಟೇ. ಕೇಳ್ದೆ ಹೇಗಿರ್ಲಿ?"

ಗುರುವಾರ ಮಧ್ಯಾಹ್ನ ಡ್ರೈವ್ ಮಾಡಿಕೊಂಡು ಹೋದೆ. ಅವನು ಹೆಂಡತಿಯ ಅಣ್ಣನ ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು, ಕೈ ಒರೆಸಿಕೊಂಡು, ಒಳಗೆ ಗಿರಾಕಿಗಳು ಕಾಯುವ ಕುರ್ಚಿಯಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತ. ಮುಖ ಕಳೆಕಳೆಯಾಗಿತ್ತು. ಸ್ವಲ್ಪ ಮೈ ಬಂದಿತ್ತು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ. ಕ್ರಿಕೆಟ್, ಓಪನರ್, ಆ ಒಂದು ಸಾಲು, ಎಲ್ಲ. ತಪ್ಪು ನನ್ನದು, ಕ್ಷಮಿಸಬೇಕು ಎಂದೆ.

"ಅಂದ್ರೆ ನಾನು ಇರಬೇಕಾಗಿತ್ತು," ಎಂದ.

"ಹೌದು."

"ಮ್ಯಾನೇಜರ್‌ಗೆ ಗೊತ್ತಾ?"

"ಗೊತ್ತು."

"ವಾಪಸ್ ಕರೀತಾರಾ?"

"ಇಲ್ಲ."

ಅವನು ಎದುರಿನ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಟೈರುಗಳನ್ನು ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ ಮಾತಾಡಿದ. "ಮೊದಲ ವಾರ ಬಹಳ ಕಷ್ಟ ಆಯ್ತು ಮ್ಯಾಮ್. ಇನ್ನೂ ಆಡಬಲ್ಲೆ ಅಂತ ಮೈ ಹೇಳ್ತಿತ್ತು. ಆಮೇಲೆ ನಿಮ್ಮ ಆ ಕಾಗದ ನೆನೆಸಿಕೊಂಡೆ. ಮನುಷ್ಯರು ಹೇಳಿದ್ರೆ ಜಗಳ ಆಡಬಹುದಿತ್ತು. ಲೆಕ್ಕ ಹೇಳಿದೆ ಅಂದ್ಮೇಲೆ ನಿಜಾನೇ ಇರಬೇಕು, ನನ್ನ ಆಟ ಮುಗಿದಿದೆ, ನನಗೆ ತಿಳೀಲಿಲ್ಲ ಅಷ್ಟೇ ಅಂದ್ಕೊಂಡೆ. ಹೆಂಡತಿಗೂ ಹಾಗೇ ಹೇಳಿದೆ. ಒಪ್ಪಿಕೊಂಡಿದ್ದೆ. ಚೆನ್ನಾಗೇ ಇದ್ದೆ."

ನಾನು ಮತ್ತೆ ಕ್ಷಮೆ ಕೇಳಲು ಹೋದೆ. ಅವನು ಬೇಡ ಎಂಬಂತೆ ಕೈ ಎತ್ತಿದ.

"ಇವತ್ತು ಸಂಜೆ ಆರೂವರೆಗೆ ಅವರು ಆಟ ಶುರು ಮಾಡ್ತಾರೆ. ನಿನ್ನೆವರೆಗೂ ಆ ಹೊತ್ತಿಗೆ ನಾನು ಮನೆಗೆ ಹೋಗಿ ಸ್ನಾನ ಮಾಡಿ ಊಟಕ್ಕೆ ಕೂತ್ಕೋತಿದ್ದೆ. ಇವತ್ತಿನಿಂದ ಆ ಹೊತ್ತಿಗೆ ಏನು ಮಾಡಲಿ, ಹೇಳಿ."

ಅವನು ಕೋಪದಿಂದ ಕೇಳಿದ್ದಲ್ಲ. ನನಗೆ ಗೊತ್ತಿರಬಹುದು ಎಂಬ ಹಾಗೆ ನನ್ನ ಮುಖ ನೋಡುತ್ತಾ ನಿಜವಾಗಿ ಕಾದ. ಅಷ್ಟರಲ್ಲಿ ಹೊರಗೆ ಪಿಕಪ್ ಟ್ರಕ್ಕೊಂದು ಬಂದು ನಿಂತಿತು. ಅವನು ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಇಷ್ಟು ದೂರ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿ, ಗಿರಾಕಿಯನ್ನು ನೋಡಲು ಹೋದ.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತುಹೋಗಿತ್ತು. ನನ್ನ ಎದೆ ಹಗುರಾಗಿತ್ತು. ಅದೇ ನನಗೆ ಅಸಹ್ಯವಾಯಿತು. ಮನೆಗೆ ಬಂದಾಗ ಗಂಡ, "ಏನಂದ? ಕ್ಷಮಿಸಿದ್ನಾ?" ಎಂದು ಕೇಳಿದರು. ಹ್ಞೂಂ, ಒಳ್ಳೆಯ ಮನುಷ್ಯ ಎಂದೆ. ಗಡಿಯಾರ ನೋಡಿದೆ, ಆರೂ ಇಪ್ಪತ್ತಾಗಿತ್ತು.